ಗಾಳಿ ಬಂದಾಗ ಹಕ್ಕಿ ನೋಡಿಕೋ: ಮಳೆಗಾಲದ ಕರಾವಳಿಯಲ್ಲಿ ನಡುಗಡಲ ಹಕ್ಕಿ ಹುಡುಕುವ ಕ್ರಮ

ಜೂನ್ ಬಂತೆಂದರೆ ಒಂದೇ ಪ್ರಶ್ನೆ. "ಫ್ರಿಗೇಟ್ ಹಕ್ಕಿ ನೋಡಬೇಕು, ಮಲ್ಪೆಗೆ ಹೋಗಲಾ, ಮರವಂತೆಗೆ ಹೋಗಲಾ?" ಇನ್ನು ಕೆಲವರದು ದೂರು. "ಇಡೀ ಭಾನುವಾರ ಮಳೆಯಲ್ಲಿ ನೆನೆದೆ. ನಾಲ್ಕು ಗರುಡ, ಒಂದಷ್ಟು ಕಾಗೆ ಬಿಟ್ಟರೆ ಏನೂ ಇಲ್ಲ." ಇಬ್ಬರಿಗೂ ನನ್ನ ಉತ್ತರ ಒಂದೇ. ಯಾವ ಊರು ಅಂತ ಆಮೇಲೆ ನೋಡೋಣ. ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಎಷ್ಟು ದಿನದಿಂದ ಬೀಸುತ್ತಿದೆ ಹೇಳಿ.

ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವುದಕ್ಕಿಂತ ಒಂದೇ ಕಡೆ ಪೂರ್ತಿ ಬರೆದಿಟ್ಟರೆ ಒಳ್ಳೆಯದು ಅನಿಸಿತು. ಇಲ್ಲಿರುವುದು ಉಳ್ಳಾಲದಿಂದ ಕಾರವಾರದವರೆಗಿನ ನಮ್ಮ ಕರಾವಳಿಯ ಮಾತು, ಮುಖ್ಯವಾಗಿ ಜೂನ್‌ನಿಂದ ಆಗಸ್ಟ್‌ವರೆಗಿನದು. ಬಯಲುಸೀಮೆಯವರಿಗೂ ಕೊನೆಯ ಹೊತ್ತಿಗೆ ನಾಲ್ಕು ಮಾತಿದೆ.

ಯಾವ ಹಕ್ಕಿ, ಯಾಕೆ ಬರುತ್ತವೆ

ನಡುಗಡಲ ಹಕ್ಕಿ ಅಂದರೆ ಮೊಟ್ಟೆಯಿಟ್ಟು ಮರಿ ಮಾಡುವುದಕ್ಕೆ ಮಾತ್ರ ನೆಲಕ್ಕೆ ಬಂದು, ಉಳಿದ ಬದುಕನ್ನೆಲ್ಲ ಕಡಲ ಮೇಲೆ ಕಳೆಯುವ ಹಕ್ಕಿ. ಹಕ್ಕಿ ಪುಸ್ತಕಗಳು ಇವನ್ನು ಪೆಲಾಜಿಕ್ ಅನ್ನುತ್ತವೆ. ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಮರಿ ಮಾಡುವುದು ಅಂಟಾರ್ಕ್ಟಿಕಾದ ಕಡೆ. ಅಲ್ಲಿ ಚಳಿಗಾಲ ಹಿಡಿದಾಗ ಅರಬ್ಬಿ ಸಮುದ್ರಕ್ಕೆ ಬರುತ್ತದೆ. ತೂಕ ಎಷ್ಟು ಗೊತ್ತಾ? 40 ಗ್ರಾಂ ಆಸುಪಾಸು. ಪರ್ಶಿಯನ್ ಶಿಯರ್‌ವಾಟರ್ ಒಮಾನ್, ಸೊಕೊಟ್ರಾ ಕಡೆಯ ದ್ವೀಪಗಳದ್ದು. ಫ್ಲೆಶ್‌ಫೂಟೆಡ್ ಶಿಯರ್‌ವಾಟರ್ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯದು. ಬ್ರೈಡಲ್ಡ್ ಟರ್ನ್ ಮಾತ್ರ ಹತ್ತಿರದ ನೆಂಟ. ಗೋವಾದಾಚೆ ವೆಂಗುರ್ಲಾದ ಕಡಲಬಂಡೆಗಳಲ್ಲೇ ಮರಿ ಮಾಡುತ್ತದೆ. (ಟರ್ನ್ ಅಂದರೆ ನಮ್ಮ ಹೊಳೆಗಳ ಮೇಲೆ ಹಾರುವ ರೀವದ ಬಳಗ.) ಸೂಟಿ ಟರ್ನ್, ಬ್ರೌನ್ ನಾಡಿ (ಇದೂ ಟರ್ನ್ ಬಳಗದ್ದೇ, ಮೈಯೆಲ್ಲ ಗಾಢ ಕಂದು) ಲಕ್ಷದ್ವೀಪದ ಪಿಟ್ಟಿ ಮರಳುದಿಣ್ಣೆಯಲ್ಲಿ ಮರಿ ಮಾಡುತ್ತವೆ. ಇವೆಲ್ಲ ದಡದಿಂದ ಬಹಳ ಆಚೆ ಇರುವ ಹಕ್ಕಿಗಳು. ಬೇರೆ ದಿನ ನೀವು ದಡದಲ್ಲಿ ವರ್ಷವಿಡೀ ಕೂತರೂ ಕಾಣುವುದು ಕಷ್ಟ.

ದೋಣಿಯಲ್ಲಿ ಹೋಗೋಣ ಅಂದರೆ ಅದೂ ಆಗದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಾಡದೋಣಿಯವರು ಕೂಡ ಜೋರು ಗಾಳಿಯ ದಿನ ಕಡಲಿಗೆ ಇಳಿಯುವುದಿಲ್ಲ. ಹಾಗಾಗಿ ನಾವು ಹಕ್ಕಿಯ ಹತ್ತಿರ ಹೋಗುವಂತಿಲ್ಲ, ಗಾಳಿಯೇ ಹಕ್ಕಿಯನ್ನು ಹತ್ತಿರ ತರಬೇಕು.

ಇಲ್ಲೊಂದು ತಪ್ಪು ಕಲ್ಪನೆ ಇದೆ. ಗಾಳಿ ಈ ಹಕ್ಕಿಗಳನ್ನು ತರಗೆಲೆಯ ಹಾಗೆ ಎತ್ತಿ ತಂದು ಬಿಸಾಡುತ್ತದೆ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಶಿಯರ್‌ವಾಟರ್‌ಗೆ ಗಾಳಿ ಅಂದರೆ ಹಬ್ಬ. ರೆಕ್ಕೆ ಬಡಿಯದೆ ಅಲೆಯಿಂದ ಅಲೆಗೆ ಜಾರಿಕೊಂಡು ಹೋಗುವುದಕ್ಕೆ ಅದಕ್ಕೆ ಗಾಳಿ ಬೇಕೇ ಬೇಕು. ತೊಂದರೆ ಆಗುವುದು ಗಾಳಿ ಒಂದೇ ಕಡೆಯಿಂದ, ಒಂದೇ ಸಮನೆ, ದಿನಗಟ್ಟಲೆ ಬೀಸಿದಾಗ. ಮೀನು ಸಿಗುವುದಿಲ್ಲ, ಮಳೆ ಬಿಡುವುದಿಲ್ಲ, ಗರಿ ಉದುರುತ್ತಿರುವ ಹಕ್ಕಿ, ಆ ವರ್ಷದ ಮರಿ ಹಕ್ಕಿ ಸೋಲುತ್ತಾ ಬರುತ್ತವೆ. ಸುಮ್ನೆ ಒಂದು ಲೆಕ್ಕ ಹಾಕಿ. ಹಕ್ಕಿ ಗಾಳಿಗೆ ಎದುರಾಗಿ ಹೆಣಗುತ್ತಿದ್ದರೂ ಗಂಟೆಗೆ 3 ಕಿ.ಮೀ. ಮಾತ್ರ ದಡದ ಕಡೆ ಜಾರುತ್ತಿದೆ ಅಂದುಕೊಳ್ಳಿ. ಎರಡು ದಿನಕ್ಕೆ 144 ಕಿ.ಮೀ. ಆಯಿತು. ಅಂದರೆ ನಮಗೆ ಬೇಕಾದದ್ದು ಒಂದು ಭಾರಿ ಬಿರುಗಾಳಿ ಅಲ್ಲ. ಬಿಡದೆ ಬೀಸುವ ಪಡುವಣ ಗಾಳಿ.

ಆ ಗಾಳಿ ಬರುವ ದಾರಿಯೂ ಗೊತ್ತಿರಲಿ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹೊರಟು, ಕೀನ್ಯಾ ಹತ್ತಿರ ಸಮಭಾಜಕ ವೃತ್ತ ದಾಟಿ, ಸೊಮಾಲಿಯಾ ಬಳಿ ತಿರುಗಿ, ನೇರ ಅರಬ್ಬಿ ಸಮುದ್ರದ ಮೇಲೆ ನಮ್ಮತ್ತ ಬೀಸುತ್ತದೆ. ನೆಲದಿಂದ ಒಂದು, ಒಂದೂವರೆ ಕಿ.ಮೀ. ಎತ್ತರದಲ್ಲಿ ಇದರ ಜೋರು ಅತಿ ಹೆಚ್ಚು. ಹವಾಮಾನದವರು ಇದನ್ನು ಸೊಮಾಲಿ ಜೆಟ್ ಅನ್ನುತ್ತಾರೆ, ವಿವರವಾಗಿ ಅಧ್ಯಯನ ಮಾಡಿದ ಜಾನ್ ಫಿಂಡ್ಲೇಟರ್ ಹೆಸರಿನಲ್ಲಿ ಫಿಂಡ್ಲೇಟರ್ ಜೆಟ್ ಅಂತಲೂ ಕರೆಯುತ್ತಾರೆ. ನಮ್ಮಜ್ಜಿಯರ ಬಾಯಲ್ಲಿ ಇದೇ ಆಷಾಢದ ಗಾಳಿ.

ಬೇಕಾಗುವ ಸಾಮಾನು

ಬೈನಾಕ್ಯುಲರ್ ಸಾಕು, 8×42 (ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿ.ಮೀ. ಇರುವ) ಇದ್ದರೆ ಚೆನ್ನ. ಸ್ಕೋಪ್ (ಕಾಲಿನ ಮೇಲೆ ನಿಲ್ಲಿಸುವ ದೂರದರ್ಶಕ) ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದಕ್ಕೋಸ್ಕರ ಸಾಲ ಮಾಡಬೇಡಿ. ರೈನ್‌ಕೋಟ್ ಬೇಕು. ಕೊಡೆ ಮನೆಯಲ್ಲೇ ಇರಲಿ, ನಾವು ಹುಡುಕಿ ಹೋಗುವ ಗಾಳಿಗೆ ಅದು ಐದು ನಿಮಿಷ ನಿಲ್ಲುವುದಿಲ್ಲ. ಹಳೆಯ ಹತ್ತಿ ಪಂಚೆಯ ಎರಡು ಮೂರು ತುಂಡು, ಒಂದು ಬಾಟಲಿ ಸಿಹಿನೀರು ಇಟ್ಟುಕೊಳ್ಳಿ. ಗಾಳಿಯ ಜೊತೆ ಬರುವ ಕಡಲಿನ ತುಂತುರು ಗಾಜಿನ ಮೇಲೆ ಒಣಗಿ ಉಪ್ಪಾಗುತ್ತದೆ. ಅದನ್ನು ಹಾಗೇ ಒರೆಸಿದಿರೋ, ಮರಳುಕಾಗದದಿಂದ ಉಜ್ಜಿದ ಹಾಗೆ ಗಾಜು ಗೀರು ಬೀಳುತ್ತದೆ. ಮೊದಲು ನಾಲ್ಕು ಹನಿ ಸಿಹಿನೀರು ಬಿಡಿ, ಆಮೇಲೆ ಮೆಲ್ಲಗೆ ಒರೆಸಿ. ಗಡಿಯಾರ, ಪುಸ್ತಕ, ಪೆನ್ಸಿಲ್. ಪೆನ್ ಒದ್ದೆ ಹಾಳೆಯ ಮೇಲೆ ಬರೆಯುವುದಿಲ್ಲ.

ಫೋನಿನಲ್ಲಿ ಮೂರು ಬೇಕು. ಗಾಳಿಯ ನಕ್ಷೆ ತೋರಿಸುವ ವಿಂಡಿ ತರಹದ ಒಂದು ಆಪ್, ಭಾರತೀಯ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ, ಮತ್ತು ಅಲೆಯ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆಯ ಪುಟ.

ಹಂತ 1: ನಕ್ಷೆಯಲ್ಲಿ ನಿಮ್ಮ ಊರು ಬಿಟ್ಟು ಕಡಲು ನೋಡಿ

ಎಲ್ಲರೂ ಎಡವುವುದು ಇಲ್ಲೇ. ಆಪ್ ತೆರೆದು "ಉಡುಪಿ" ಅಂತ ಒತ್ತಿ, ನಾಳೆ ಗಾಳಿ ಎಷ್ಟು ಅಂತ ನೋಡುತ್ತಾರೆ. ಉಡುಪಿಯ ಗಾಳಿ ತೆಂಗಿನ ಗರಿ ಅಲ್ಲಾಡಿಸುತ್ತದೆ ಅಷ್ಟೆ, ಹಕ್ಕಿ ಇರುವುದು ಲಕ್ಷದ್ವೀಪದ ಮೇಲೋ ಕೊಂಕಣದ ಆಚೆಗೋ. ನಕ್ಷೆಯನ್ನು ಚಿಕ್ಕದು ಮಾಡಿ, ಒಂದು ತುದಿಯಲ್ಲಿ ಸೊಮಾಲಿಯಾ, ಇನ್ನೊಂದು ತುದಿಯಲ್ಲಿ ನಮ್ಮ ಕರಾವಳಿ ಕಾಣುವಷ್ಟು. ಎತ್ತರದ ಆಯ್ಕೆಯಲ್ಲಿ ಮೇಲ್ಮೈ ಗಾಳಿ ಇರಲಿ. ಈಗ ಕೆಳಗಿನ ಸಮಯದ ಪಟ್ಟಿಯನ್ನು ಎಳೆಯುತ್ತಾ ಮುಂದಿನ ನಾಲ್ಕೈದು ದಿನ ನೋಡಿ.

ಹುಡುಕಬೇಕಾದದ್ದು ಇಷ್ಟು: ಲಕ್ಷದ್ವೀಪದಿಂದ ಗೋವಾದವರೆಗಿನ ಕಡಲ ಮೇಲೆ 25 ನಾಟ್ ಅಥವಾ ಜಾಸ್ತಿ ಗಾಳಿ, ಪಶ್ಚಿಮ ಅಥವಾ ನೈಋತ್ಯದಿಂದ, ಕನಿಷ್ಠ 48 ಗಂಟೆ ಬಿಡದೆ. ಇದು ನನ್ನ ಅನುಭವದ ಅಳತೆ, ಕಟ್ಟುನಿಟ್ಟಿನ ಸೂತ್ರವೇನಲ್ಲ. ನಾಟ್ ಅನ್ನುವುದು ಕಡಲಿನ ವೇಗದ ಅಳತೆ. 1 ನಾಟ್ ಅಂದರೆ ಗಂಟೆಗೆ 1.85 ಕಿ.ಮೀ. ಹಾಗಾಗಿ 25 ನಾಟ್ ಅಂದರೆ ಸುಮಾರು 46 ಕಿ.ಮೀ.

ಇಲ್ಲಿ ನಾಲ್ಕು ಗುಂಡಿಗಳಿವೆ, ನಾನು ನಾಲ್ಕಕ್ಕೂ ಬಿದ್ದವನೇ.

ಗಾಳಿಗೆ ಹೆಸರು ಅದು ಬರುವ ದಿಕ್ಕಿನಿಂದ. ಪಶ್ಚಿಮದ ಗಾಳಿ ಅಂದರೆ ಪಶ್ಚಿಮದಿಂದ ಬರುವುದು. ಡಿಗ್ರಿಯಲ್ಲಿ ಕೊಟ್ಟಿದ್ದರೆ 270 ಅಂದರೆ ನೇರ ಪಡುವಣ, 225 ಅಂದರೆ ನೈಋತ್ಯ. ನಕ್ಷೆಯ ಮೇಲೆ ಹರಿದಾಡುವ ಗೆರೆಗಳು ಮಾತ್ರ ಗಾಳಿ ಹೋಗುವ ಕಡೆ ಹರಿಯುತ್ತವೆ. ಎರಡನ್ನೂ ಕಲಸಿಕೊಂಡರೆ ಲೆಕ್ಕವೆಲ್ಲ ತಿರುಗಾಮುರುಗಾ.

ಎರಡನೆಯದು ಅಳತೆ. ಒಂದು ಆಪ್ ನಾಟ್‌ನಲ್ಲಿ, ಇನ್ನೊಂದು ಸೆಕೆಂಡಿಗೆ ಮೀಟರ್‌ನಲ್ಲಿ, ಇಲಾಖೆಯ ಎಚ್ಚರಿಕೆ ಗಂಟೆಗೆ ಕಿ.ಮೀ.ಯಲ್ಲಿ. ಸೆಕೆಂಡಿಗೆ ಇಷ್ಟು ಮೀಟರ್ ಅಂದಿದ್ದರೆ 3.6ರಿಂದ ಗುಣಿಸಿ, ಗಂಟೆಗೆ ಎಷ್ಟು ಕಿ.ಮೀ. ಅಂತ ಸಿಗುತ್ತದೆ.

ಮೂರನೆಯದು ಗಸ್ಟ್, ಅಂದರೆ ನಡುನಡುವೆ ಬಂದು ಹೋಗುವ ರಭಸದ ಬೀಸು. "ಗಂಟೆಗೆ 45ರಿಂದ 55 ಕಿ.ಮೀ., ಆಗಾಗ 65" ಅಂತ ಎಚ್ಚರಿಕೆಯಲ್ಲಿ ಇದ್ದರೆ, ಆ 65 ಗಸ್ಟ್. ಹಕ್ಕಿಯ ಲೆಕ್ಕಕ್ಕೆ ಮೊದಲಿನ ಅಂಕಿಯೇ ಮುಖ್ಯ.

ನಾಲ್ಕನೆಯದು ಸಮಯ. ಎಷ್ಟೋ ಹವಾಮಾನ ನಕ್ಷೆಗಳು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಗ್ರೀನಿಚ್ ಸಮಯ) ಲೆಕ್ಕದಲ್ಲಿ ಇರುತ್ತವೆ. ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. 03 ಅಂತ ಇದ್ದರೆ ಅದು ನಮ್ಮ ಬೆಳಗಿನ ಎಂಟೂವರೆ.

ಹಂತ 2: ಮಳೆಯ ಅಲರ್ಟ್ ನಂಬಿ ಹೊರಡಬೇಡಿ

ರೆಡ್ ಅಲರ್ಟ್ ಬಂತು, ಶಾಲೆಗೆ ರಜೆ ಕೊಟ್ಟರು, ಈಗ ಹಕ್ಕಿ ಬಂದೇ ಬರುತ್ತದೆ ಅಂತ ಮೊದಲ ಮೂರು ಮಳೆಗಾಲ ನಾನೂ ಓಡಿದ್ದೇನೆ. ಮಳೆಯ ಅಲರ್ಟ್ ಮಳೆಯ ಲೆಕ್ಕ, ಗಾಳಿಯದಲ್ಲ. ಗಾಳಿಯೇ ಇಲ್ಲದೆ ನೆಟ್ಟಗೆ ಸುರಿಯುವ ಜಡಿಮಳೆಯಲ್ಲಿ ನೂರು ಮೀಟರ್ ಆಚೆ ಕಾಣುವುದಿಲ್ಲ, ಹಕ್ಕಿ ದಡಕ್ಕೆ ಬರುವುದಕ್ಕೆ ಕಾರಣವೂ ಇರುವುದಿಲ್ಲ. ಮೀನುಗಾರರಿಗೆ ಕೊಡುವ ಎಚ್ಚರಿಕೆ ಓದಿ. ಅದು ಗಾಳಿಯ ಲೆಕ್ಕ.

ಇಲಾಖೆಯ ವರದಿಯಲ್ಲಿ ಎರಡು ಮಾತು ಕಂಡರೆ ಕಿವಿ ನಿಮಿರಲಿ. ಒಂದು, ಗುಜರಾತಿನ ಕಡೆಯಿಂದ ಕೇರಳದವರೆಗೆ ತೀರದುದ್ದಕ್ಕೂ ಕಡಿಮೆ ಒತ್ತಡದ ಪಟ್ಟಿ ಇದೆ ಅನ್ನುವುದು. ಟ್ರಫ್ ಅನ್ನುತ್ತಾರಲ್ಲ, ಅದು. ಇನ್ನೊಂದು, ಬಂಗಾಳ ಕೊಲ್ಲಿಯ ಉತ್ತರದಲ್ಲಿ ಒಡಿಶಾ ಹತ್ತಿರ ವಾಯುಭಾರ ಕುಸಿತ. ಒಡಿಶಾದಲ್ಲಿ ಕುಸಿತವಾದರೆ ನಮಗೇನು ಅನಿಸುತ್ತದೆ ಅಲ್ವಾ? ಆ ಕುಸಿತ ಅರಬ್ಬಿ ಸಮುದ್ರದ ಗಾಳಿಯನ್ನು ತನ್ನ ಕಡೆ ಎಳೆಯುತ್ತದೆ, ನಮ್ಮ ಪಡುವಣ ಗಾಳಿ ಬಿಗಿಯಾಗುತ್ತದೆ. ಎರಡೂ ಒಟ್ಟಿಗೆ ಇದ್ದರೆ ಚೀಲ ಕಟ್ಟಿಡಿ.

ಹಂತ 3: ದಿನ ಆರಿಸಿಕೊಳ್ಳುವುದು

ಗಾಳಿ ಏರಿದ ಮೊದಲ ದಿನ ಹೋಗಬೇಡಿ. ಹಕ್ಕಿ ಇನ್ನೂ ದೂರದಲ್ಲಿ ಇರುತ್ತದೆ, ಸೋತಿರುವುದಿಲ್ಲ. ಎರಡನೇ ದಿನದ ಸಂಜೆಯಿಂದ ಒಂದೊಂದೇ ಕಾಣಿಸತೊಡಗಬಹುದು. ಮೂರನೇ ದಿನ ಚೆನ್ನ. ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಗಾಳಿ ಇಳಿದ ಮೊದಲ ಬೆಳಗು. ಹಕ್ಕಿ ಇನ್ನೂ ದಡದ ಹತ್ತಿರವೇ ಇರುತ್ತದೆ, ವಾಪಸ್ ಕಡಲಿಗೆ ಹೊರಡುವ ತಯಾರಿಯಲ್ಲಿ ಇರುತ್ತದೆ. ನಿಮಗೂ ಕಣ್ಣು ಬಿಡಲು ಆಗುತ್ತದೆ. ಅದರ ಮರುದಿನ ಹೋದರೆ ಕಡಲು ಖಾಲಿ.

ಹೊತ್ತು ಬೆಳಗಿನ ಆರೂವರೆಯಿಂದ ಹತ್ತರವರೆಗೆ. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ, ಬೆಳಿಗ್ಗೆ ಬೆಳಕು ನಮ್ಮ ಬೆನ್ನಿಗೆ ಇರುತ್ತದೆ, ಹಕ್ಕಿಯ ಬಣ್ಣ ಗೊತ್ತಾಗುತ್ತದೆ. ಮಧ್ಯಾಹ್ನದ ಮೇಲೆ ಮೋಡ ಸರಿದರೆ ಎಲ್ಲ ಹಕ್ಕಿಯೂ ಕರಿ ನೆರಳು.

ಮಳೆ ಸುರಿಯುತ್ತಿದ್ದರೆ ಎದ್ದು ಹೋಗಬೇಡಿ. ಹೊಳವಾಗುವ ಹೊತ್ತು, ಅಂದರೆ ಎರಡು ಮಳೆಯ ನಡುವೆ ಬಿಳಿಚುವ ಹತ್ತಿಪ್ಪತ್ತು ನಿಮಿಷ, ಅದೇ ನಿಮ್ಮ ಸಮಯ. ಮಳೆಯ ಪರದೆ ಸರಿದ ಕೂಡಲೇ ಅದರ ಹಿಂದಿನಿಂದಲೇ ಹಕ್ಕಿ ಬರುವುದುಂಟು.

ಹಂತ 4: ಜಾಗ

ಜಾಗ ನಾಲ್ಕನೇ ಹಂತದಲ್ಲಿ ಬಂದದ್ದು ಬೇಕೆಂದೇ. ಮೂರು ಸಂಗತಿ ನೋಡಿ. ಸ್ವಲ್ಪ ಎತ್ತರ, ಕಡಲಿಗೆ ಚಾಚಿಕೊಂಡಿರುವ ನೆಲ, ಬೆನ್ನಿಗೋ ಮಗ್ಗುಲಿಗೋ ಗಾಳಿ ತಡೆಯುವ ಗೋಡೆ.

ಎತ್ತರ ಯಾಕೆ ಅಂದರೆ, ಮರಳಿನ ಮೇಲೆ ನಿಂತಾಗ ನಿಮ್ಮ ಕಣ್ಣು ನೀರಿನಿಂದ 2 ಮೀಟರ್ ಎತ್ತರದಲ್ಲಿದ್ದರೆ ಬಾನಂಚು ಸುಮಾರು 5 ಕಿ.ಮೀ. ದೂರ. 10 ಮೀಟರ್ ಏರಿದರೆ 11 ಕಿ.ಮೀ., 20 ಮೀಟರ್ ಏರಿದರೆ 16. ಮಳೆಗಾಲದ ಅಲೆ ಎರಡು ಮೂರು ಆಳು ಎತ್ತರ ಏಳುವಾಗ ಮರಳಿನ ಮೇಲೆ ನಿಂತವನಿಗೆ ಶಿಯರ್‌ವಾಟರ್ ಅಲೆಯ ತಗ್ಗಿನಲ್ಲೇ ಹೋಗಿಬಿಡುತ್ತದೆ. ಹಾಗಂತ ತೀರಾ ಎತ್ತರವೂ ಬೇಡ. ಗೋಕರ್ಣದ ಗುಡ್ಡದ ತುದಿಯಿಂದ ನೋಡಿದರೆ ಹಕ್ಕಿ ಕಾಲ ಕೆಳಗೆ, ಬೂದುನೀರಿನ ಮೇಲೆ ಬೂದುಹಕ್ಕಿ, ಕಣ್ಣಿಗೆ ಸಿಗುವುದೇ ಇಲ್ಲ. ಮಧ್ಯಮ ಎತ್ತರ ಸಾಕು.

ಸೋಮೇಶ್ವರದ ಬಂಡೆ ದಿಬ್ಬ, ಸುರತ್ಕಲ್ ದೀಪಸ್ತಂಭದ ಗುಡ್ಡ, ಕಾಪು ದೀಪಸ್ತಂಭದ ಬಂಡೆ, ಹೊನ್ನಾವರದ ಅಪ್ಸರಕೊಂಡ ಇವೆಲ್ಲ ಆಗುತ್ತವೆ. ಸೋತ ಟರ್ನ್‌ಗಳು, ನಾಡಿಗಳು ಅಳಿವೆಯೊಳಗೆ ಬಂದು ಮರಳುದಿಣ್ಣೆಯ ಮೇಲೆ ಕೂರುವುದುಂಟು. ಅಳಿವೆ ಅಂದರೆ ಹೊಳೆ ಕಡಲು ಸೇರುವ ಬಾಯಿ. ಹಾಗಾಗಿ ಕಡಲು ನೋಡಿ ಮುಗಿದ ಮೇಲೆ ಸಸಿಹಿತ್ಲು, ಕುಂದಾಪುರದ ಕೋಡಿ, ಶರಾವತಿಯ ಅಳಿವೆ ಇಂಥಲ್ಲಿ ಅರ್ಧ ಗಂಟೆ ಕಳೆಯಿರಿ. ಮರವಂತೆಯಲ್ಲಿ ಒಂದು ಕಡೆ ಕಡಲು, ಒಂದು ಕಡೆ ಸೌಪರ್ಣಿಕೆ, ನಡುವೆ ಹೆದ್ದಾರಿ. ನೋಡಲು ಚಂದ. ಆದರೆ ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲಿಸಿಕೊಂಡು ಸ್ಕೋಪ್ ಹೂಡುವ ಜಾಗವಲ್ಲ ಅದು.

ಗಟ್ಟಿಯಾಗಿ ಹೇಳಬೇಕಾದ ಮಾತು: ಬ್ರೇಕ್‌ವಾಟರ್ (ಅಲೆ ತಡೆಯಲು ಕಡಲಿಗೆ ಚಾಚಿ ಕಟ್ಟಿದ ಗೋಡೆ) ಮೇಲೆ, ಕಡಲ್ಕೊರೆತಕ್ಕೆ ಹಾಕಿದ ಕಲ್ಲುರಾಶಿಯ ಮೇಲೆ ಹತ್ತಲೇಬೇಡಿ. ಪಾಚಿ ಹಿಡಿದ ಕಲ್ಲು, ಕಾಲು ಜಾರಿದರೆ ಎರಡು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಅಷ್ಟರಲ್ಲಿ ಮುಂದಿನ ಅಲೆ ಬಂದಿರುತ್ತದೆ. ಗಾಳಿ ಇಲ್ಲದ ದಿನವೂ ಅಲೆ ನಂಬಬೇಡಿ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಅಲೆ ದಿನಗಳ ನಂತರ ಇಲ್ಲಿಗೆ ತಲುಪಿ, ಇಲ್ಲಿನ ಗಾಳಿಯಲ್ಲಿ ಸುಳಿವೇ ಇಲ್ಲದಂತೆ ದಡ ಹತ್ತುವುದುಂಟು. ಮಲಯಾಳಿ ಮೀನುಗಾರರು ಅದಕ್ಕಿಟ್ಟ ಹೆಸರು ಕಳ್ಳಕ್ಕಡಲ್. ನಮ್ಮ ಕಳ್ಳನೇ, ನಮ್ಮ ಕಡಲೇ. ಇನ್ಕಾಯಿಸ್ ಎಚ್ಚರಿಕೆಗಳಲ್ಲೂ ಇದೇ ಪದ ಬಳಸುತ್ತಾರೆ. ಈ ಪದ ಕಂಡ ದಿನ ಮನೆಯಲ್ಲಿರಿ.

ಹಂತ 5: ಕೂತು ನೋಡುವುದು

ಕೂತು ನೋಡಿ, ನಿಲ್ಲಬೇಡಿ. ಸ್ಕೋಪಿನ ಕಾಲನ್ನು ಗಿಡ್ಡ ಮಾಡಿ, ನಡುವಿಗೆ ನಿಮ್ಮ ಚೀಲ ತೂಗುಹಾಕಿ. ಇಲ್ಲದಿದ್ದರೆ ಗಾಳಿಗೆ ನಡುಗುವ ಸ್ಕೋಪಿನಲ್ಲಿ ಒಂದು ಹಕ್ಕಿ ಎರಡಾಗಿ ಕಾಣುತ್ತದೆ.

ಹಕ್ಕಿಯನ್ನು ಅಟ್ಟಿಸಿಕೊಂಡು ಅತ್ತಿತ್ತ ತಿರುಗಬೇಡಿ. ಬಾನಂಚನ್ನು ಬೈನಾಕ್ಯುಲರ್ ನೋಟದ ಮೇಲ್ಭಾಗದಲ್ಲಿ ಇಟ್ಟುಕೊಂಡು ಎಡದಿಂದ ಬಲಕ್ಕೆ ನಿಧಾನ ಸರಿಸಿ, ಹಾಗೇ ಬಲದಿಂದ ಎಡಕ್ಕೆ ಬನ್ನಿ. ಹತ್ತು ನಿಮಿಷಕ್ಕೊಮ್ಮೆ ಕಣ್ಣಿಗೆ ಬಿಡುವು ಕೊಡಿ. ಜೊತೆಗೆ ಯಾರಾದರೂ ಇದ್ದರೆ ದಿಕ್ಕು ಹೇಳಲು ಗಡಿಯಾರದ ಮುಳ್ಳು ಬಳಸಿ. ನೇರ ಎದುರು 12, ಬಲಕ್ಕೆ 3. "ಅಲ್ಲಿ, ಅಲ್ಲಿ, ಆ ಅಲೆ ಮೇಲೆ" ಅಂದರೆ ಯಾವ ಅಲೆ ಅಂತ ಯಾರಿಗೂ ತಿಳಿಯುವುದಿಲ್ಲ.

ಈಗ ಮುಖ್ಯ ವಿಷಯ. ಇಂಥ ಬೆಳಕಿನಲ್ಲಿ ಬಣ್ಣ ಕೈಕೊಡುತ್ತದೆ. ಹಕ್ಕಿ ಗಾಳಿಯನ್ನು ಹೇಗೆ ಬಳಸುತ್ತಿದೆ ನೋಡಿ, ಅರ್ಧ ಹೆಸರು ಅಲ್ಲೇ ಸಿಗುತ್ತದೆ.

ರೆಕ್ಕೆ ಹಲಗೆಯ ಹಾಗೆ ಬಿಗಿ, ಒಂದು ರೆಕ್ಕೆಯ ತುದಿ ನೀರು ಸವರುತ್ತಾ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತಾ ಅಲೆಯ ಹಿಂದೆ ಮಾಯವಾಗಿ ಮತ್ತೆ ಮೇಲೇಳುತ್ತಿದೆಯೇ? ಶಿಯರ್‌ವಾಟರ್. ಸಣ್ಣದು, ಮೇಲೆ ಕಂದು, ಕೆಳಗೆ ಬಿಳಿ, ನಡುನಡುವೆ ಬೇಗಬೇಗ ರೆಕ್ಕೆ ಬಡಿತ ಆದರೆ ಪರ್ಶಿಯನ್. ದೊಡ್ಡದು, ಮೈಯೆಲ್ಲ ಕಪ್ಪುಕಂದು, ಕೊಕ್ಕು ಮಾತ್ರ ತಿಳಿಗುಲಾಬಿ ಆದರೆ ಫ್ಲೆಶ್‌ಫೂಟೆಡ್.

ಅಂಬರಗುಬ್ಬಿಯಷ್ಟು ಪುಟ್ಟ ಕರಿಹಕ್ಕಿ ಅಲೆಯ ತಗ್ಗಿನಲ್ಲಿ ನೀರಿಗೆ ತಾಗಿದ ಹಾಗೆ ಹಾರುತ್ತಿದ್ದರೆ ಸ್ಟಾರ್ಮ್ ಪೆಟ್ರೆಲ್. ವಿಲ್ಸನ್ಸ್ ಆದರೆ ಬಾಲದ ಬುಡದಲ್ಲಿ ಬಿಳಿ ಪಟ್ಟಿ ಹೊಳೆಯುತ್ತದೆ. ಇದನ್ನು ಒಮ್ಮೆ ಹತ್ತಿರದಿಂದ ನೋಡಿ, ಮರೆಯುವುದಿಲ್ಲ. ಗಾಳಿಗೆ ಎದುರಾಗಿ ರೆಕ್ಕೆ ಎತ್ತಿ, ಕಡ್ಡಿಯಂಥ ಎರಡು ಕಾಲು ಇಳಿಬಿಟ್ಟು, ನೀರಿನ ಮೇಲೆ ಟಪಟಪ ಹೆಜ್ಜೆ ಹಾಕುತ್ತದೆ. ಮಗು ಅಂಗಳದ ನೀರಿನಲ್ಲಿ ಕುಣಿದ ಹಾಗೆ. ಸುತ್ತಲೂ ಮನೆಯೆತ್ತರದ ಅಲೆ ಮುರಿಯುತ್ತಿರುತ್ತದೆ, ಇದಕ್ಕೆ ಅದರ ಪರಿವೆಯೇ ಇಲ್ಲ.

ಟರ್ನ್‌ಗಳಲ್ಲಿ ಗೊಂದಲ ಜಾಸ್ತಿ. ಬ್ರೈಡಲ್ಡ್ ಮತ್ತು ಸೂಟಿ ಎರಡಕ್ಕೂ ಮೇಲೆ ಗಾಢ ಬಣ್ಣ, ಕೆಳಗೆ ಬಿಳಿ. ಬ್ರೈಡಲ್ಡ್‌ನ ಹಣೆಯ ಬಿಳಿ ಹುಬ್ಬಿನ ಹಾಗೆ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ, ಬೆನ್ನು ಬೂದುಗಂದು. ಸೂಟಿಯ ಬಿಳಿ ಕಣ್ಣಿನ ಹತ್ತಿರ ನಿಲ್ಲುತ್ತದೆ, ಬೆನ್ನು ಕಾಡಿಗೆ ಕಪ್ಪು. ಮೈಯೆಲ್ಲ ಕಪ್ಪಾದ ಟರ್ನ್ ಕಂಡ ಕೂಡಲೇ ನಾಡಿ ಅಂತ ಬರೆಯಬೇಡಿ. ಸೂಟಿಯ ಮರಿ ಕೂಡ ಕಪ್ಪೇ. ಬೆನ್ನ ಮೇಲೆ ಬಿಳಿ ಚುಕ್ಕೆ, ಹೊಟ್ಟೆಯ ಕೆಳಗೆ ಮಾಸಲು ಬಿಳಿ ಇದೆಯಾ ನೋಡಿ.

ಎರಡೂ ತುದಿ ಚೂಪಾದ ಚುಟ್ಟದಂಥ ಮೈ, ಉದ್ದ ರೆಕ್ಕೆ ಇದ್ದರೆ ಬೂಬಿ. ಇನ್ನು ಎಲ್ಲರೂ ಕೇಳುವ ಫ್ರಿಗೇಟ್ ಹಕ್ಕಿ. ರೆಕ್ಕೆಯಗಲ ಸುಮಾರು 2 ಮೀಟರ್, ಚೂಪು ರೆಕ್ಕೆ, ಆಳವಾಗಿ ಕವಲೊಡೆದ ಉದ್ದ ಬಾಲ. ರೆಕ್ಕೆ ಬಡಿಯುವುದೇ ಅಪರೂಪ. ಇದರ ಗರಿಗೆ ನೀರು ತಡೆಯುವ ಗುಣ ಇಲ್ಲ. ಹಾಗಾಗಿ ಕಡಲಹಕ್ಕಿಯಾದರೂ ಕಡಲಿನ ಮೇಲೆ ಕೂರುವಂತಿಲ್ಲ, ಸುಸ್ತಾದರೆ ದಡಕ್ಕೆ ಬರಲೇಬೇಕು. ಗರುಡನ ಮರಿಯನ್ನು, ಕರಿಹದ್ದನ್ನು ಫ್ರಿಗೇಟ್ ಅಂದುಕೊಳ್ಳುವವರೇ ಬಹಳ. ಗರುಡನ ಬಾಲ ಗುಂಡಗೆ. ಕರಿಹದ್ದಿನ ಬಾಲದಲ್ಲಿ ಕವಲು ಇದ್ದರೂ ಬಾಲ ಅಗಲಿಸಿದಾಗ ಮಾಯವಾಗುತ್ತದೆ. ಫ್ರಿಗೇಟ್ ಹಕ್ಕಿಗಳಲ್ಲೇ ಯಾವ ಜಾತಿ ಅಂತ ಹೇಳುವುದು ತಜ್ಞರಿಗೂ ತಲೆನೋವು. ಹೊಟ್ಟೆ, ಕಂಕುಳ ಕಾಣುವ ಹಾಗೆ ಮಸುಕಾದರೂ ನಾಲ್ಕು ಚಿತ್ರ ತೆಗೆದಿಡಿ, ಹೆಸರು ಆಮೇಲೆ.

ಹಂತ 6: ತೂಫಾನು ಬಂದರೆ ಲೆಕ್ಕ ಬೇರೆ

2021ರ ಮೇ ತಿಂಗಳ ತೌಕ್ತೆ, 2023ರ ಜೂನ್‌ನ ಬಿಪರ್ಜಾಯ್, ಎರಡೂ ಅರಬ್ಬಿ ಸಮುದ್ರದಲ್ಲಿ ಉತ್ತರಕ್ಕೆ ಸಾಗಿ ಗುಜರಾತಿನಲ್ಲಿ ನೆಲ ಮುಟ್ಟಿದವು. ಇಂಥ ಚಂಡಮಾರುತ ನಮ್ಮ ಭಾಗದಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಇದೊಂದು ಗೊತ್ತಿದ್ದರೆ ಉಳಿದದ್ದು ಸುಲಭ. ಅದರ ಕೇಂದ್ರ ನಿಮ್ಮ ನೈಋತ್ಯಕ್ಕೆ ಇರುವಾಗ ನಿಮಗೆ ಸಿಗುವುದು ಆಗ್ನೇಯದ ಗಾಳಿ, ನೆಲದಿಂದ ಕಡಲಿಗೆ. ಹಕ್ಕಿ ಬರುವುದಿಲ್ಲ. ನೇರ ಪಶ್ಚಿಮಕ್ಕೆ ಬಂದಾಗ ತೆಂಕಣ ಗಾಳಿ, ದಡದ ಉದ್ದಕ್ಕೆ. ಕೇಂದ್ರ ನಿಮ್ಮನ್ನು ದಾಟಿ ವಾಯವ್ಯಕ್ಕೋ ಉತ್ತರಕ್ಕೋ ಹೋದ ಮೇಲೆ ಗಾಳಿ ನೈಋತ್ಯಕ್ಕೆ, ಆಮೇಲೆ ಪಡುವಣಕ್ಕೆ ತಿರುಗುತ್ತದೆ. ಆಗ ಹಕ್ಕಿ ಬರುತ್ತದೆ. ಅಂದರೆ ತೂಫಾನು ಹತ್ತಿರ ಬರುವಾಗ ಹೋಗಿ ಪ್ರಾಣಕ್ಕೆ ಕುತ್ತು ತಂದುಕೊಳ್ಳುವುದು ದಡ್ಡತನ ಮಾತ್ರವಲ್ಲ, ಹಕ್ಕಿಯೂ ಸಿಗುವುದಿಲ್ಲ. ದಾಟಿ ಹೋಗಲಿ, ಎಚ್ಚರಿಕೆ ಹಿಂದೆಗೆಯಲಿ, ಆಮೇಲೆ ಹೊರಡಿ.

ನಕ್ಷೆ ಸಿಗದಿದ್ದರೆ ಒಂದು ಹಳೆಯ ಉಪಾಯ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಕೇಂದ್ರ ಇರುವುದು ನಿಮ್ಮ ಎಡಗೈ ಕಡೆ.

ಇಂಥ ಗಾಳಿಗೆ ಫ್ರಿಗೇಟ್, ಸೂಟಿ ಟರ್ನ್‌ಗಳು ಘಟ್ಟ ಹತ್ತಿ ಒಳನಾಡಿನ ಜಲಾಶಯ, ದೊಡ್ಡ ಕೆರೆಗಳ ತನಕವೂ ಬರಬಹುದು. ತೂಫಾನು ಹೋದ ಮರುದಿನ ಬೆಳಿಗ್ಗೆ ನಿಮ್ಮೂರ ಕೆರೆಗೆ ಒಂದು ಸುತ್ತು ಹಾಕಿ. ಒಂದೆರಡು ದಿನಕ್ಕಿಂತ ಜಾಸ್ತಿ ಅವು ನಿಲ್ಲುವುದಿಲ್ಲ.

ಹಂತ 7: ಬರೆದಿಡುವುದು, ಖಾಲಿ ದಿನವನ್ನೂ

ದಿನಾಂಕ, ಕೂತ ಹೊತ್ತು, ಎದ್ದ ಹೊತ್ತು, ಗಾಳಿಯ ದಿಕ್ಕು ಮತ್ತು ಅಂದಾಜು ವೇಗ, ಎಷ್ಟು ದೂರ ಕಾಣುತ್ತಿತ್ತು, ಹಕ್ಕಿ ಉತ್ತರಕ್ಕೆ ಹೋಯಿತೋ ದಕ್ಷಿಣಕ್ಕೋ. ಇಬರ್ಡ್‌ನಲ್ಲಿ (ನೋಡಿದ ಹಕ್ಕಿಗಳ ಪಟ್ಟಿ ಹಾಕುವ ಜಾಲತಾಣ) ಹಾಕುವಾಗ ಒಂದೇ ಕಡೆ ಕೂತು ನೋಡಿದ ಪಟ್ಟಿ ಅಂತ ಗುರುತು ಮಾಡಿ, ಟಿಪ್ಪಣಿಯಲ್ಲಿ ಗಾಳಿಯ ವಿವರ ಬರೆಯಿರಿ.

ಏನೂ ಕಾಣದ ದಿನ ಜನ ಬರೆಯುವುದೇ ಇಲ್ಲ. ಅದೇ ದೊಡ್ಡ ನಷ್ಟ. ನನ್ನ ಪುಸ್ತಕದಲ್ಲಿ "ಆಟಿ ತಿಂಗಳು, ಗಾಳಿ 30 ನಾಟ್, ವಾಯವ್ಯದಿಂದ, ಮೂರು ಗಂಟೆ, ಸೊನ್ನೆ" ಅನ್ನುವ ಸಾಲುಗಳು ಬೇಕಾದಷ್ಟಿವೆ. ಆ ಸೊನ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ನಾನು ಕೂರುವ ಜಾಗಕ್ಕೆ ವಾಯವ್ಯದ ಗಾಳಿ ಒಗ್ಗುವುದಿಲ್ಲ ಅಂತ ಹೊಳೆದದ್ದು. ನಿಮ್ಮ ಜಾಗಕ್ಕೆ ಬೇರೆಯದೇ ಲೆಕ್ಕ ಇರಬಹುದು.

ಬಯಲುಸೀಮೆಯವರಿಗೆ: ನವೆಂಬರ್‌ನಲ್ಲಿ ಲೆಕ್ಕ ತಿರುಗಿಸಿ

ಅಮುರ್ ಚಾಣ ಸುಮಾರು 150 ಗ್ರಾಂ ತೂಕದ ಹಕ್ಕಿ. ಸೈಬೀರಿಯಾದ ಆಗ್ನೇಯ ಭಾಗ, ಉತ್ತರ ಚೀನಾದಲ್ಲಿ ಮರಿ ಮಾಡಿ, ಅಕ್ಟೋಬರ್‌ನಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯ, ಮಣಿಪುರದ ತಮೆಂಗ್ಲಾಂಗ್‌ಗಳಲ್ಲಿ ಹೊಟ್ಟೆ ತುಂಬಿಸಿಕೊಂಡು, ನಮ್ಮ ಪರ್ಯಾಯ ದ್ವೀಪ ದಾಟಿ, ಅರಬ್ಬಿ ಸಮುದ್ರವನ್ನು ಒಂದೇ ಉಸಿರಿಗೆ ಹಾರಿ ಆಫ್ರಿಕಾ ಸೇರುತ್ತದೆ. ಬೆನ್ನಿಗೆ ಈಶಾನ್ಯದ ಗಾಳಿ ಇರುತ್ತದೆ. ಇಲ್ಲಿ ಗಮ್ಮತ್ತು ಏನೆಂದರೆ, ಗಾಳಿ ಚೆನ್ನಾಗಿದ್ದಷ್ಟೂ ನಿಮಗೆ ಹಕ್ಕಿ ಕಾಣುವುದಿಲ್ಲ. ಬಹಳ ಎತ್ತರದಲ್ಲಿ, ನಿಲ್ಲದೆ ಹೋಗಿಬಿಡುತ್ತದೆ. ಬಂಗಾಳ ಕೊಲ್ಲಿಯ ಕುಸಿತದಿಂದ ಗಾಳಿ ಅಡ್ಡಾದಿಡ್ಡಿ ಆಗಿ, ಮೋಡ ಕೆಳಗಿಳಿದು, ಮಳೆ ಹನಿದ ದಿನ ಕೆಳಗೆ ಇಳಿಯುತ್ತದೆ. ನವೆಂಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರದವರೆಗೆ ಅಂಥ ದಿನದ ಮರುದಿನ ಹುಲ್ಲುಗಾವಲಿನ ವಿದ್ಯುತ್ ತಂತಿಗಳನ್ನು ನೋಡಿ. ಏರೋಪ್ಲೇನ್ ಚಿಟ್ಟೆಗಳು ಗುಂಪಾಗಿ ಹಾರುತ್ತಿದ್ದರೆ ಇನ್ನೂ ಒಳ್ಳೆಯದು. ಅವೂ ಅದೇ ಗಾಳಿಯ ಪ್ರಯಾಣಿಕರು, ಚಾಣನ ಬುತ್ತಿ ಕೂಡ.

ಚಾತಕದ ಬಗ್ಗೆಯೂ ಕೇಳುತ್ತೀರಿ. ಉತ್ತರ ಭಾರತಕ್ಕೆ ಅದು ಆಫ್ರಿಕಾದಿಂದ ಮುಂಗಾರಿನ ಗಾಳಿಯ ಜೊತೆ ಬರುವುದು ನಿಜ. ಆದರೆ ದಕ್ಷಿಣದಲ್ಲಿ ಇಲ್ಲೇ ನೆಲೆಸಿರುವ ಚಾತಕಗಳೂ ಇವೆ. ಮೈಸೂರಿನಲ್ಲಿ ಚಾತಕ ಕಂಡರೆ ಮಳೆ ಬಂತು ಅಂತ ಬಟ್ಟೆ ಒಳಗೆ ತರಬೇಡಿ.

ದಡದಲ್ಲಿ ಸೋತು ಬಿದ್ದ ಹಕ್ಕಿ ಸಿಕ್ಕರೆ

ಕಡಲಹಕ್ಕಿ ಅಲ್ವಾ ಅಂತ ಮತ್ತೆ ಕಡಲಿಗೆ ಎಸೆಯುವವರಿದ್ದಾರೆ. ಅದು ಅದನ್ನು ಕೊಂದ ಹಾಗೆಯೇ. ಬಕೆಟ್ ನೀರಿನಲ್ಲಿ ಬಿಡಬೇಡಿ. ಬಾಯಿ ಬಿಡಿಸಿ ಮೀನು ತುರುಕಬೇಡಿ, ನೀರು ಹೊಯ್ಯಬೇಡಿ. ಸೆಲ್ಫಿಗೆ ಎತ್ತಿ ಹಿಡಿಯಲೇಬೇಡಿ. ಬೂಬಿ, ಫ್ರಿಗೇಟ್‌ಗಳ ಕೊಕ್ಕು ನೇರ ಕಣ್ಣಿಗೇ ಬರುತ್ತದೆ.

ನಾಯಿ, ಕಾಗೆಗಳನ್ನು ದೂರ ಓಡಿಸಿ. ಕೈಗೆ ಗವಸು ಹಾಕಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ. ದಪ್ಪ ಟವೆಲ್ ಹಕ್ಕಿಯ ಮೇಲೆ ಪೂರ್ತಿ ಮುಚ್ಚಿ, ತಲೆಯೂ ಒಳಗೆ ಇರುವಂತೆ ಎತ್ತಿ. ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಒಣ ಬಟ್ಟೆ ಹಾಸಿ ಇಡಿ. ಮುಚ್ಚಳ ಮುಚ್ಚಿ ಕತ್ತಲೆ ಮಾಡಿ, ಸದ್ದಿಲ್ಲದ ಕಡೆ ಇಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವರು ಬರುವವರೆಗೆ ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕಬೇಡಿ. ಪೆಟ್ಟಿಗೆಯ ಮೇಲೆ ಪೆನ್ಸಿಲ್‌ನಲ್ಲಿ ಹಕ್ಕಿ ಸಿಕ್ಕ ಜಾಗ, ಹೊತ್ತು, ಮತ್ತು ಆಗ ಗಾಳಿ ಯಾವ ಕಡೆಯಿಂದ ಇತ್ತು ಅಂತ ಬರೆದಿಡಿ.